ಪಿಟೀಲಿನ ಬಾಲದ ದೀಪ

ಇದು ನಿಜವಾಗಿ ನಡೆದದ್ದು. ಒಂದಕ್ಷರ ಸುಳ್ಳಾದರೂ ನಾಳೆ ಬೆಳಗಾಗುವಷ್ಟರಲ್ಲಿ ನನ್ನ ಮೀಸೆ ಉದುರಿಹೋಗಲಿ. ಅದೂ ಎಡಗಡೆಯದು ಮಾತ್ರ. ಬಲಗಡೆಯದನ್ನು ಇಟ್ಟುಕೊಂಡೇ ಊರೆಲ್ಲ ತಿರುಗುತ್ತೇನೆ. ಸಾಕಾ? ಹಾಗಾದರೆ ಕೇಳಿ.

“ಢಬ್!”

ರಾಣಿಯ ಸೋದರಮಾವ ಮೇಜಿನ ಮೇಲೆ ಗುದ್ದಿದರು. ಲೋಟ ಹಾರಿತು, ಚಮಚ ಹಾರಿತು. ಗೋಡೆಯ ಮೇಲಿದ್ದ ಹಲ್ಲಿ ಬಾಲವನ್ನು ಅಲ್ಲೇ ಬಿಟ್ಟು ತಾನೊಂದೇ ಓಡಿತು. ಮೇಜಿನ ನಡುವೆ ಒಂದು ಪುಟ್ಟ ಹಸಿರು ಬೋರ್ಡು, ಒಂದು ಮೂಲೆಗೆ ಬಾಟಲಿಯ ಮುಚ್ಚಳ ಕವುಚಿಕೊಂಡು ಕೂತಿತ್ತು. ಅದರ ಮೇಲಿನ ಎಲ್‌ಇಡಿ ದೀಪ ಒಂದು ಸಲ ಕಣ್ಣು ಹೊಡೆದು ಆರಿಹೋಯಿತು.

“ನೋಡಿದ್ಯಾ, ಹತ್ತಿತು!” ಎಂದರು ಮಾವ. “ಒಳಗೆ ಎಲ್ಲೋ ಬ್ಲಾಕ್ ಆಗಿದೆ ಅಷ್ಟೆ. ಇನ್ನೆರಡು ಏಟು ಬಿದ್ರೆ ಕರೆಂಟು ಸರಾಗವಾಗಿ ಹರಿಯುತ್ತೆ.”

“ಮಾವ, ಇದ್ರಲ್ಲಿ ಪೈಪ್ ಎಲ್ಲಿದೆ?” ಎಂದಳು ರಾಣಿ.

“ಪೈಪ್ ಇಲ್ದೆ ಏನಾದ್ರೂ ಹರಿಯುತ್ತೇನೇ? ಈ ಊರಿನ ಯಾವ ಕೊಳಾಯೀನಾದ್ರೂ ಕೇಳು, ನಾನು ಯಾರು ಅಂತ ಹೇಳುತ್ತೆ.”

ಮಾವನದು ಕೊಳಾಯಿ ರಿಪೇರಿ ಕೆಲಸ. ಅವರ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ರೋಗ. ಒಂದು ಲೀಕು, ಇನ್ನೊಂದು ಬ್ಲಾಕು. ನೆಗಡಿ ಲೀಕು, ತಲೆನೋವು ಬ್ಲಾಕು. ಅವರ ಮೊಪೆಡ್ಡಿಗೆ ಎರಡೂ ಇತ್ತು.

“ಬ್ಲಾಕೂ ಇಲ್ಲ, ಲೀಕೂ ಇಲ್ಲ. ಟ್ರಾನ್ಸಿಸ್ಟರ್ ಸತ್ತಿದೆ,” ಎಂದಳು ರಾಣಿ, ದೊಡ್ಡ ಡಾಕ್ಟರ ಹಾಗೆ.

ಅವಳ ಪಕ್ಕದಲ್ಲಿ ನಿಂತಿದ್ದ ತಮ್ಮನ ತುಟಿ ನಡುಗಿತು. ಅವನು ಅಳಲು ಶುರುಮಾಡಿದರೆ ಸಣ್ಣಗೆ, ಉದ್ದಕ್ಕೆ, ನಿಲ್ಲದೆ ಅಳುತ್ತಿದ್ದ. ಅದಕ್ಕೇ ಮನೆಮಂದಿಯೆಲ್ಲ ಅವನನ್ನು ಪಿಟೀಲು ಎಂದೇ ಕರೆಯುತ್ತಿದ್ದರು.

“ಮತ್ತೆ ಸತ್ತೋಯ್ತಾ?” ಎಂದ ಪಿಟೀಲು.

“ಬೇರೆ ಹಾಕ್ತೀನಿ ಬಿಡೋ. ನಾಟಕದ ದಿನ ನಿನ್ನ ಬಾಲ ಹತ್ತುತ್ತೆ. ನಾನು ಹೇಳ್ತಿದ್ದೀನಲ್ಲ, ಹತ್ತುತ್ತೆ!”

ಪಿಟೀಲು ತುಟಿ ಬಿಗಿಹಿಡಿದು ಅಳುವನ್ನು ನುಂಗಿಕೊಂಡ.

ಆ ಬಾಲದ ವಿಷಯ ಹೇಳಲೇಬೇಕು. ಶಾಲೆಯಲ್ಲಿ ನಾಟಕವಿತ್ತು. ಕಾಡಿನಲ್ಲಿ ಕತ್ತಲಾಗುತ್ತದೆ, ಮೊಲ, ಜಿಂಕೆ, ಆನೆ ಎಲ್ಲ ದಾರಿ ತಪ್ಪಿ ಗೋಳಾಡುತ್ತವೆ. ಆಗ ಬಾಲದಲ್ಲಿ ದೀಪವಿರುವ ಮಿಂಚುಹುಳ ಬಂದು “ಹೆದರಬೇಡಿ, ನಾನಿದ್ದೀನಿ” ಎನ್ನುತ್ತದೆ. ಅಷ್ಟೇ ಮಾತು. ಪಿಟೀಲೇ ಮಿಂಚುಹುಳ.

ಆ ಒಂದು ಮಾತನ್ನು ಅವನು ಬಾತ್‌ರೂಮಿನ ಸೋಪಿಗೆ ಹೇಳಿದ. ಬೀದಿಯ ಬೆಕ್ಕಿಗೆ ಹೇಳಿದ. ನಿದ್ದೆಯಲ್ಲಿ ದಿಂಬಿಗೆ ಹೇಳಿದ. ಒಂದು ದಿನ ಕರೆಂಟು ಹೋದಾಗ ಇಡೀ ಬೀದಿಗೇ ಕೂಗಿ ಹೇಳಿದ. ಆ ಕೂಗಿಗೆ ಹೆದರದೆ ಇದ್ದವರೂ ಹೆದರಿದರು.

ಬಾಲದ ದೀಪ ಮಾಡುವ ಕೆಲಸ ಅಕ್ಕನದು. ಅದಕ್ಕೆ ಸ್ವಿಚ್ ಇರಲಿಲ್ಲ. ಬೋರ್ಡಿನಲ್ಲಿ ಬೆಳಕು ಕಂಡರೆ ಸುಮ್ಮನಿರುವ, ಕತ್ತಲಾದರೆ ಎಚ್ಚರಗೊಳ್ಳುವ ಒಂದು ಸೆನ್ಸರ್ ಇತ್ತು. ಅದರ ಪಕ್ಕದಲ್ಲಿ ಮೂರು ಕಾಲಿನ, ಕರಿ ಬೀಜದಂಥ ಟ್ರಾನ್ಸಿಸ್ಟರ್. ಅದು ಒಂಥರಾ ಗೇಟಿನ ಕಾವಲುಗಾರ. ಕತ್ತಲಾಯಿತು ಎಂದು ಅದರ ನಡುಗಾಲಿಗೆ ಸುದ್ದಿ ಮುಟ್ಟಿದರೆ ಸಾಕು, ಗೇಟು ತೆಗೆಯುತ್ತದೆ, ದೀಪ ಹತ್ತುತ್ತದೆ. ಹತ್ತಬೇಕು. ಹತ್ತುತ್ತಿರಲಿಲ್ಲ.

ಅವಳಿಗೆ ರಾಣಿ ಎಂಬ ಹೆಸರು ಬಂದದ್ದೂ ಈ ಬೋರ್ಡಿನಿಂದಲೇ. ಮೊದಲ ದಿನ ಬೆಸುಗೆ ಹಾಕುವಾಗ ಅವಳಿಗೆ ಹೆದರಿಕೆ. ಬ್ಯಾಟರಿ ತಂತಿಯ ಬುಡಕ್ಕೆ ಬಿಸಿ ಸೋಲ್ಡರಿಂಗ್ ಐರನ್ ಒತ್ತಿ ಹಿಡಿದವಳು ತೆಗೆಯುವುದನ್ನೇ ಮರೆತಳು. ಬೆಸುಗೆ ನೀರಾಗಿ ಹರಿದು, ತಂತಿಯ ಸುತ್ತ ಚಪ್ಪಟೆಯಾಗಿ ಕೂತಿತು.

ವಿಜ್ಞಾನದ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. “ಏನಮ್ಮ ಇದು, ಚಪ್ಪಲಿ ಕೆಳಗೆ ಸಿಕ್ಕಿದ ಚೂಯಿಂಗ್ ಗಮ್ ಇದ್ದ ಹಾಗಿದೆ! ಬೆಸುಗೆ ಅಂದ್ರೆ ದುಂಡಗಿರಬೇಕು. ನೋಡಿದವರು ಆಹಾ ಅನ್ನಬೇಕು.”

ಮೇಷ್ಟ್ರು ಜನ್ಮದಲ್ಲಿ ಒಂದೂ ಬೆಸುಗೆ ಹಾಕಿದವರಲ್ಲ. ಆದರೆ ದುಂಡಗಿರುವುದರ ಮೇಲೆ ಅವರಿಗೆ ಬಹಳ ಪ್ರೀತಿ. ದುಂಡಗಿನ ಅಕ್ಷರಕ್ಕೆ ಮಾರ್ಕು ಜಾಸ್ತಿ ಕೊಡುತ್ತಿದ್ದರು.

ಮರುದಿನದಿಂದ ಅವಳು ಉಪಾಯ ಮಾಡಿದಳು. ಬೆಸುಗೆಯನ್ನು ಐರನ್ನಿನ ತುದಿಯಲ್ಲೇ ಕರಗಿಸುವುದು. ಚಮಚದಲ್ಲಿ ತುಂಬಿ ತಂದ ಹಾಗೆ ಹನಿಯನ್ನು ಹೊತ್ತು ತರುವುದು. ಟ್ರಾನ್ಸಿಸ್ಟರಿನ ಕಾಲಿನ ಮೇಲೆ ತಟಕ್ ಎಂದು ಬಿಡುವುದು. ಕೂಡಲೇ ಉಫ್ ಎಂದು ಊದುವುದು. ಆಹಾ! ದುಂಡಗೆ, ಬೆಳ್ಳಗೆ, ಮುತ್ತು!

“ನೋಡ್ರೋ, ಮುತ್ತು ಪೋಣಿಸಿದ ಹಾಗಿದೆ!” ಎಂದು ಮೇಷ್ಟ್ರು ಬೋರ್ಡನ್ನು ತರಗತಿಯಲ್ಲೆಲ್ಲ ತಿರುಗಿಸಿದರು. “ಇವಳು ಬೆಸುಗೆ ರಾಣಿ.”

ದೀಪ ಹತ್ತುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಷ್ಟು ಚೆಂದದ ಬೋರ್ಡಿಗೆ ಅಂಥ ಪ್ರಶ್ನೆ ಕೇಳುವುದು ಮರ್ಯಾದೆ ಅಲ್ಲ ನೋಡಿ.

ರಾಣಿಯಾದ ಮೇಲೆ ಕೇಳಬೇಕೇ? ಪಕ್ಕದ ಬೆಂಚಿನವಳ ಬೆಸುಗೆ ನೋಡಿ “ಇರುವೆ ತುಳಿದ ಹಾಗಿದೆ” ಎಂದಳು. ಹಿಂದಿನ ಬೆಂಚಿನವನಿಗೆ “ನೀನು ಬೆಸುಗೆ ಹಾಕಿದ್ಯೋ, ಸೀನಿದ್ಯೋ?” ಎಂದಳು. ಮನೆಗೆ ಬಂದು ಬ್ಯಾಟರಿ ಹಾಕಿದಳು. ಸೆನ್ಸರಿನ ಮೇಲೆ ಬಾಟಲಿಯ ಮುಚ್ಚಳ ಕವುಚಿ ಕತ್ತಲು ಮಾಡಿದಳು. ದೀಪ ಹತ್ತಲಿಲ್ಲ.

ರಾಣಿಯ ಬೆಸುಗೆ ತಪ್ಪಾಗಲು ಸಾಧ್ಯವೇ? ಇಲ್ಲ. ಹಾಗಾದರೆ ಟ್ರಾನ್ಸಿಸ್ಟರೇ ಸತ್ತಿರಬೇಕು.

ಅಂಗಡಿಗೆ ಹೋದಳು. ಅಂಗಡಿಯವನು ಗಿರಾಕಿ ಏನು ಹೇಳಿದರೂ ತಲೆಯಾಡಿಸುವ ಮನುಷ್ಯ. ಆಡಿಸಿ ಆಡಿಸಿ ಅವನ ಅಂಗಿಯ ಕಾಲರ್ ಸವೆದಿತ್ತು.

“ಟ್ರಾನ್ಸಿಸ್ಟರ್ ಸತ್ತಿದೆ ಅಂಕಲ್.”

“ಹೌದು ಪುಟ್ಟಿ, ಸತ್ತಿರುತ್ತೆ.”

“ನೀವು ನೋಡ್ಲೇ ಇಲ್ಲ!”

“ನೋಡೋದೇನು, ನೀನು ಹೇಳಿದ್ಮೇಲೆ ಮುಗೀತು. ಈ ಸಲದ ಲಾಟೇ ಹಾಗೆ, ಬಲು ಸುಕುಮಾರ. ಇನ್ನೊಂದು ತಗೋ.”

ಹೊಸದು ತಂದಳು. ಮುತ್ತಿಟ್ಟಳು. ಅದೂ ಸತ್ತಿತು. ಮತ್ತೊಂದು ತಂದಳು. ಮುತ್ತಿಟ್ಟಳು. ಅದೂ ಹೋಯಿತು. ಸತ್ತವರನ್ನೆಲ್ಲ ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿದ್ದಳು.

ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಮನೆಗೆ ಬಂದರೂ ಗಂಟಲು ಬಸ್ಸಿನಲ್ಲೇ ಇರುತ್ತಿತ್ತು. “ಮುಂದೆ ಹೋಗ್ರೀ, ಮುಂದೆ ಹೋಗ್ರೀ!” ಎಂದು ಮೇಜಿನ ಸುತ್ತ ನಿಂತವರನ್ನು ಸರಿಸಿ ಪೊಟ್ಟಣ ತೆಗೆದು ನೋಡಿದರು.

“ಅಯ್ಯೋ, ಇಷ್ಟೊಂದು ಹೆಣನಾ! ಇವಕ್ಕೆಲ್ಲ ಏನು ಬಂದಿತ್ತೇ, ಕಾಲರಾನಾ?”

“ಬ್ಲಾಕು ಅಕ್ಕಾ, ಬ್ಲಾಕು,” ಎಂದರು ಮಾವ.

“ಲೋ, ನೀನು ಸುಮ್ನಿರೋ. ನಮ್ಮನೆ ಬಚ್ಚಲು ಕಟ್ಕೊಂಡು ಎಷ್ಟು ದಿನ ಆಯ್ತು? ಮೊದ್ಲು ಅದನ್ನ ನೋಡು.”

ಮಾವ ಕೇಳಿಸದವರ ಹಾಗೆ ಇನ್ನೊಂದು ಸಲ ಗುದ್ದಿದರು. ದೀಪ ಮತ್ತೊಮ್ಮೆ ಕಣ್ಣು ಹೊಡೆಯಿತು.

ಹಾಗೆಯೇ ಇನ್ನೊಂದು ವಿಷಯವೂ ಗೊತ್ತಾಯಿತು. ಕತ್ತಲ ಕೋಣೆಯಲ್ಲಿ ಬಾಲ ಕಟ್ಟಿಕೊಂಡ ಪಿಟೀಲು ಸೀನಿದರೆ ದೀಪ ಹತ್ತುತ್ತಿತ್ತು. ಕೆಮ್ಮಿದರೆ ಹತ್ತುತ್ತಿತ್ತು. ಕುಪ್ಪಳಿಸಿದರಂತೂ ಪ್ರತಿ ಕುಪ್ಪಳಿಕೆಗೂ ಮಿಣುಕ್ ಮಿಣುಕ್! ಸುಮ್ಮನೆ ನಿಂತರೆ ಕತ್ತಲು.

ಇದನ್ನು ಕೇಳಿ, ನಾಟಕವನ್ನೂ ತಾವೇ ಆಡಿಸುತ್ತಿದ್ದ ಮೇಷ್ಟ್ರಿಗೆ ಬಹಳ ಸಂತೋಷವಾಯಿತು. “ಕುಪ್ಪಳಿಸಲಿ ಬಿಡಮ್ಮ! ಮಿಂಚುಹುಳ ಏನು ಕಂಬದ ಹಾಗೆ ನಿಂತಿರುತ್ತಾ? ಇದೇ ಕಲೆ.”

ನಾಟಕದ ಹಿಂದಿನ ದಿನ ಮಧ್ಯಾಹ್ನ ಕೊನೆಯ ರಿಹರ್ಸಲ್. ಶಾಲೆಯ ಹಾಲ್‌ನ ಕಿಟಕಿಗಳಿಗೆಲ್ಲ ಪರದೆ ಎಳೆದರು. ಪಿಟೀಲು ಕುಪ್ಪಳಿಸುತ್ತ ಬಂದ.

“ಹೆ... ದರ... ಬೇ...”

ನಾಲ್ಕನೇ ಕುಪ್ಪಳಿಕೆ ಜಿಂಕೆಯ ಕಾಲಿನ ಮೇಲೆ ಬಿತ್ತು. ಜಿಂಕೆ ಆನೆಯ ಮೇಲೆ ಬಿತ್ತು. ಆನೆ ರಟ್ಟಿನ ಮರದ ಮೇಲೆ ಬಿತ್ತು. ಆ ಮರ ಇಡೀ ಕಾಡನ್ನೇ ಹೊತ್ತುಕೊಂಡು ಮೇಷ್ಟ್ರ ಮೇಲೆ ಬಿತ್ತು. ಒಳಗಿನಿಂದ ಅವರ ಕೈಯೊಂದು ಹೊರಬಂದು ಕನ್ನಡಕ ಹುಡುಕಿತು.

“...ಡಿ, ನಾನಿದ್ದೀನಿ,” ಎಂದು ಪಿಟೀಲು ಕತ್ತಲಲ್ಲೇ ಮಾತು ಮುಗಿಸಿದ.

ಮೇಷ್ಟ್ರು ಎದ್ದು ಎಲೆ ಕೊಡವಿಕೊಂಡರು. ಕಲೆಯ ಮೇಲಿನ ಪ್ರೀತಿ ಅಷ್ಟರಲ್ಲಿ ಇಳಿದಿತ್ತು.

“ನಾಳೆ ನಿಂತಲ್ಲೇ ಹತ್ತಬೇಕು. ಹತ್ತದಿದ್ರೆ ಮಿಂಚುಹುಳವೇ ಬೇಡ. ದೊಡ್ಡ ಕ್ಲಾಸಿನ ಹುಡುಗ ಪರದೆ ಹಿಂದೆ ನಿಂತು ಟಾರ್ಚ್ ಬಿಡಲಿ, ಮಾತೂ ಅವನೇ ಹೇಳಲಿ. ಇವನು ಬಂಡೆ ಆಗ್ತಾನೆ.”

“ಬಂಡೆ ಏನು ಹೇಳುತ್ತೆ ಸಾರ್?” ಎಂದ ಪಿಟೀಲು.

“ಏನೂ ಹೇಳಲ್ಲ. ಗೋಣಿಚೀಲ ಹೊದ್ಕೊಂಡು ಮೂಲೇಲಿ ಕೂತಿರುತ್ತೆ.”

ದಾರಿಯುದ್ದಕ್ಕೂ ಪಿಟೀಲು ಅಳಲಿಲ್ಲ. ರಾಣಿಗೆ ಅದೇ ಭಯವಾಯಿತು. ಮನೆಗೆ ಬಂದವನೇ ಮೂಲೆಗೆ ಹೋಗಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತ.

“ಏನೋ ಅದು?”

“ಬಂಡೆ ಪ್ರಾಕ್ಟೀಸ್ ಮಾಡ್ತಿದ್ದೀನಿ,” ಎಂದಿತು ಟವೆಲ್.

ರಾಣಿ ಬೋರ್ಡು ತೆಗೆದು ಮೇಜಿನ ಮೇಲಿಟ್ಟಳು. ಸೆನ್ಸರಿಗೆ ಮುಚ್ಚಳ ಕವುಚಿದಳು. ಈ ಟ್ರಾನ್ಸಿಸ್ಟರೂ ಸತ್ತಿದೆ, ಇನ್ನೊಂದು ತರಬೇಕು ಎಂದುಕೊಂಡಳು. ಅಂಗಡಿಯವನ ತಲೆ ಕಣ್ಣ ಮುಂದೆ ಹೌದು ಹೌದು ಎಂದು ಆಡಿತು.

ಬಂಡೆ ಮೆಲ್ಲಗೆ ಎದ್ದು ಬಂತು. ಟವೆಲಿನ ಕೆಳಗಿಂದ ಒಂದು ಪೆನ್ಸಿಲ್ ಹೊರಬಂದು ಟ್ರಾನ್ಸಿಸ್ಟರಿನ ಬುಡದ ಮುತ್ತನ್ನು ತಿವಿಯಿತು.

“ಮುಟ್ಟಬೇಡ್ವೋ! ಹಾಳಾಗುತ್ತೆ!”

“ಹಾಳಾಗಿಯೇ ಇದೆಯಲ್ಲ ಅಕ್ಕಾ.”

ಅಷ್ಟರಲ್ಲಿ ದೀಪ ಹತ್ತಿತು. ಪೆನ್ಸಿಲ್ ಎತ್ತಿದ, ಆರಿತು. ಒತ್ತಿದ, ಹತ್ತಿತು.

“ಅಕ್ಕಾ, ಈ ನಡೂ ಕಾಲು ನನ್ನ ಹಲ್ಲಿನ ಥರಾನೇ ಅಲ್ಲಾಡ್ತಿದೆ. ನೋಡು.” ಪಿಟೀಲು ಬಾಯಿ ತೆರೆದು ಮುಂದಿನ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ತೋರಿಸಿದ. ಆಮೇಲೆ ಪೆನ್ಸಿಲಿನಿಂದ ಕಾಲನ್ನು ಅಲ್ಲಾಡಿಸಿದ.

ರಾಣಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಮುತ್ತು ಮುತ್ತಿನ ಹಾಗೇ ಇತ್ತು. ಅದರೊಳಗೆ ಕಾಲು, ಅಪ್ಪನ ಬೂಟಿನಲ್ಲಿ ಮಗು ಕಾಲಿಟ್ಟ ಹಾಗೆ, ಲೊಡಲೊಡ ತಿರುಗುತ್ತಿತ್ತು. ಮುತ್ತು ಬೋರ್ಡಿಗೆ ಅಂಟಿರಲಿಲ್ಲ. ಕಾಲಿಗೂ ಅಂಟಿರಲಿಲ್ಲ. ಸುಮ್ಮನೆ ಮೇಲೆ ಕೂತು ಹೊಳೆಯುತ್ತಿತ್ತು. ಅಲುಗಿದಾಗ ತಾಗುತ್ತಿತ್ತು, ನಿಂತಾಗ ಬಿಡುತ್ತಿತ್ತು.

“ಇದೊಂದೇ ಇರ್ಬೇಕು,” ಎಂದು ಪಕ್ಕದ ಕಾಲು ಅಲ್ಲಾಡಿಸಿದಳು. ಅದೂ ತಿರುಗಿತು. ಅದರ ಪಕ್ಕದ್ದು ಮುತ್ತಿನ ಸಮೇತ ಕೈಗೇ ಬಂತು.

ಬ್ಯಾಟರಿಯ ತಂತಿ ಹಿಡಿದು ಎಳೆದಳು. ಬರಲಿಲ್ಲ. ಜೋರಾಗಿ ಎಳೆದಳು. ಇಡೀ ಬೋರ್ಡು ಮೇಲೆದ್ದು ಬಂತೇ ಹೊರತು ತಂತಿ ಅಲುಗಲಿಲ್ಲ. ಅದು ಮೊದಲ ದಿನದ, ಚೂಯಿಂಗ್ ಗಮ್ಮಿನಂಥ ಬೆಸುಗೆ.

ರಾಣಿಯ ಮುಖ ಕಾದ ಐರನ್ನಿನ ಹಾಗೆ ಆಯಿತು.

“ಏನಾಯ್ತಕ್ಕಾ? ಇದೂ ಸತ್ತೋಯ್ತಾ?”

“ಇಲ್ಲ ಕಣೋ,” ಎಂದಳು. “ಯಾವುದೂ ಸತ್ತಿರ್ಲಿಲ್ಲ ಅನ್ಸುತ್ತೆ. ಬೆಸುಗೇನೇ ಸರಿಯಿಲ್ಲ.”

“ಯಾರು ಹಾಕಿದ್ದು?” ಎಂದ ಪಿಟೀಲು.

ಕೆಲವರಿಗೆ ಯಾವಾಗ ಏನು ಕೇಳಬಾರದು ಎಂದು ಹುಟ್ಟಿನಿಂದಲೇ ಗೊತ್ತಿರುವುದಿಲ್ಲ.

“ನಾನೇ,” ಎಂದಳು ರಾಣಿ.

ಅಮ್ಮ ಬಂದು ಪಕ್ಕದಲ್ಲಿ ಕೂತ ಮೇಲೆ ಐರನ್ ಕಾಯಿಸಿದಳು. ಅಮ್ಮ ಇಲ್ಲದಾಗ ಅದನ್ನು ಮುಟ್ಟಿದರೆ ಬಸ್ಸಿನಿಂದ ಇಳಿಸಿದ ಹಾಗೆ ಮನೆಯಿಂದಲೇ ಇಳಿಸುತ್ತೇನೆ ಎಂದಿದ್ದರು. ಮುತ್ತುಗಳನ್ನು ಒಂದೊಂದಾಗಿ ಕರಗಿಸಿ, ಪಿಚಕಾರಿಯಂಥ ಪಂಪಿನಲ್ಲಿ ಸೊರ್ ಎಂದು ಹೀರಿ ತೆಗೆದಳು. ಎಷ್ಟು ಚೆಂದ ಇದ್ದವು! ಕೊನೆಯದನ್ನು ತೆಗೆಯುವಾಗ ಕೈ ಒಂದು ಗಳಿಗೆ ನಿಂತಿತು. ಆದರೂ ತೆಗೆದಳು.

ಆಮೇಲೆ ಬೆಂಕಿಪೊಟ್ಟಣ ತೆರೆದಳು.

“ಅದು ಯಾಕೇ? ಅವು ಹೆಣ ಅಲ್ವಾ?” ಎಂದರು ಅಮ್ಮ.

“ನೋಡೋಣ ಇರಿ ಅಮ್ಮ.”

ಎಲ್ಲಕ್ಕಿಂತ ಮೊದಲು ಸತ್ತಿದ್ದನ್ನೇ ಆರಿಸಿದಳು. ಮಸಿ ಹಿಡಿದಿದ್ದ ಕಾಲುಗಳನ್ನು ಉಜ್ಜಿ, ಬೋರ್ಡಿನ ತೂತುಗಳಿಗೆ ಇಳಿಸಿದಳು. ಈ ಸಲ ಹನಿ ಹೊತ್ತು ತರಲಿಲ್ಲ. ಮೊದಲ ದಿನ ಹೆದರಿ ಮಾಡಿದ್ದನ್ನೇ ಈಗ ಬೇಕೆಂದು ಮಾಡಿದಳು. ಐರನ್ನಿನ ತುದಿಯನ್ನು ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ ಹಿಡಿದಳು. ಎರಡೂ ಕಾದ ಮೇಲೆ ಬೆಸುಗೆ ತಂತಿಯನ್ನು ಅಲ್ಲಿಗೆ ಮುಟ್ಟಿಸಿದಳು. ಸಣ್ಣ ಹೊಗೆ ಎದ್ದಿತು. ಬೆಸುಗೆ ತಾನಾಗಿ ಹರಿದು, ಕಾಲನ್ನು ತಬ್ಬಿಕೊಂಡು ಕೂತಿತು. ಊದಲಿಲ್ಲ. ತಾನೇ ಆರಲು ಬಿಟ್ಟಳು.

ನೋಡಲು ಏನೂ ಇರಲಿಲ್ಲ. ಕೆನ್ನೆ ಒಳಗೆ ಹೋದ ಮುದುಕಿಯ ಹಾಗಿತ್ತು. ಅಲ್ಲಾಡಿಸಿದಳು. ಅಲುಗಲಿಲ್ಲ.

ಮುಚ್ಚಳ ಕವುಚಿದಳು. ದೀಪ ಹತ್ತಿತು. ಹತ್ತಿಯೇ ಇತ್ತು. ಮಾವ ಅಭ್ಯಾಸಬಲದಿಂದ ಮೇಜು ಗುದ್ದಿದರು. ಆಗಲೂ ಹತ್ತಿಯೇ ಇತ್ತು.

“ಅಂದ್ರೆ,” ಎಂದರು ಅಮ್ಮ ಪೊಟ್ಟಣದೊಳಗೆ ಇಣುಕುತ್ತ, “ಇಷ್ಟು ದಿನ ನಾವು ಬದುಕಿರೋರನ್ನೇ ಮಲಗಿಸಿದ್ವಾ?”

“ನಾನು ಹೇಳ್ಲಿಲ್ವಾ ಅಕ್ಕಾ? ಬ್ಲಾಕು ಅಂತ!” ಎಂದರು ಮಾವ. “ಅದೇ ಕಿತ್ಕೊಂಡು ಬಂತು ನೋಡು.”

“ಬಚ್ಚಲು!” ಎಂದರು ಅಮ್ಮ. ಮಾವ ಅಲ್ಲಿಂದ ಹರಿದುಹೋದರು.

ಮರುದಿನ ಮೇಷ್ಟ್ರು ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅಯ್ಯೋ, ಮುತ್ತುಗಳೆಲ್ಲಿ?”

“ತೆಗೆದೆ ಸಾರ್. ಅವು ಅಂಟಿರ್ಲಿಲ್ಲ.”

“ನೋಡೋಕೆ ಎಷ್ಟು ಚೆನ್ನಾಗಿದ್ವು!”

“ಹೌದು ಸಾರ್. ನೋಡೋಕೆ ಚೆನ್ನಾಗಿದ್ವು.”

ಸಂಜೆ ಹಾಲ್ ತುಂಬಿತು. ನಾಟಕ ಶುರುವಾಯಿತು. ಮೊಲ ದಾರಿ ತಪ್ಪಿತು, ಜಿಂಕೆ ತಪ್ಪಿತು, ಆನೆ ದಾರಿಯ ಜೊತೆಗೆ ಮಾತನ್ನೂ ತಪ್ಪಿತು. ವೇದಿಕೆಯ ದೀಪಗಳು ಆರಿದವು. ರಾಣಿ ಪರದೆಯ ಪಕ್ಕದಲ್ಲಿ ನಿಂತಿದ್ದಳು. ದೊಡ್ಡ ಕ್ಲಾಸಿನ ಹುಡುಗ ಟಾರ್ಚ್ ಹಿಡಿದು ಪಕ್ಕದಲ್ಲೇ ಸಿದ್ಧನಾಗಿದ್ದ. ಗೋಣಿಚೀಲವೂ ಅಲ್ಲೇ ಮಡಿಸಿ ಬಿದ್ದಿತ್ತು.

ಪಿಟೀಲು ಕತ್ತಲೊಳಗೆ ಕಾಲಿಟ್ಟ. ಕುಪ್ಪಳಿಸಲಿಲ್ಲ, ಸೀನಲಿಲ್ಲ. ಸುಮ್ಮನೆ ನಡೆದ.

ಬಾಲ ಹತ್ತಿತು.

ಹಸಿರು ಬೆಳಕು ಅಲುಗದೆ, ಮಿಣುಕದೆ, ಅವನ ಹಿಂದೆಯೇ ಹೋಯಿತು. ಅವನು ನಡುವೆ ನಿಂತು ಜಿಂಕೆಯ ಕೈ ಹಿಡಿದುಕೊಂಡ. “ಹೆದರಬೇಡಿ, ನಾನಿದ್ದೀನಿ.”

ಚಪ್ಪಾಳೆಗೆ ಹಾಲ್‌ನ ಸೂರು ಎರಡಡಿ ಮೇಲೆ ಹೋಗಿ ಮತ್ತೆ ಕೂತಿತು. ನಾನೇ ನೋಡಿದ್ದೇನೆ.

ಮುಂದಿನ ಸಾಲಿನಲ್ಲಿ ಮಾವ ಪಕ್ಕದವರಿಗೆ ಬ್ಲಾಕಿನ ಕತೆ ಹೇಳುತ್ತಿದ್ದರು. ಮೇಷ್ಟ್ರು ಹೆಡ್‌ಮೇಷ್ಟ್ರಿಗೆ “ಬೆಸುಗೆ ಗಟ್ಟಿಯಾಗಿರಬೇಕು ಅಂತ ನಾನು ಮೊದಲಿಂದ ಹೇಳ್ತಿದ್ದೆ ಸಾರ್” ಎನ್ನುತ್ತಿದ್ದರು. ರಾಣಿಗೆ ಸಿಟ್ಟು ಬಂತು. ಬಾಯಿ ತೆರೆದಳು. ಯಾಕೋ, ಟ್ರಾನ್ಸಿಸ್ಟರ್ ಸತ್ತಿದೆ ಎಂದು ತಾನು ಅಂಗಡಿಯಲ್ಲಿ ನಿಂತಿದ್ದ ಗತ್ತು ನೆನಪಾಯಿತು. ಬಾಯಿ ಮುಚ್ಚಿದಳು. ಸಣ್ಣಗೆ ನಗು ಬಂತು.

ಪಿಟೀಲು ಓಡಿ ಬಂದು ಅವಳಿಗೆ ಡಿಕ್ಕಿ ಹೊಡೆದ.

“ಅಕ್ಕಾ, ಹತ್ತಿತಾ?”

“ಏನು?”

“ಬಾಲ! ಹತ್ತಿತಾ?”

“ನಿಂಗೆ ಗೊತ್ತಾಗ್ಲಿಲ್ವೇನೋ?”

“ಬೆನ್ನ ಹಿಂದಿರೋದು ನಂಗೆ ಹೇಗೆ ಕಾಣುತ್ತೆ?”

“ಮತ್ತೆ ಹತ್ತಿದೆಯೋ ಇಲ್ವೋ ಗೊತ್ತಿಲ್ದೆ, ಅಷ್ಟು ಕತ್ತಲಲ್ಲಿ ಹೋಗಿ ‘ನಾನಿದ್ದೀನಿ’ ಅಂದ್ಯಾ?”

“ನೀನು ಹತ್ತುತ್ತೆ ಅಂದಿದ್ಯಲ್ಲ,” ಎಂದ ಪಿಟೀಲು, ಇದರಲ್ಲೇನಿದೆ ಎನ್ನುವ ಹಾಗೆ.

ಹಾಗೆ ಅವಳು ದಿನಾ ಅಂದಿದ್ದಳು. ಮುತ್ತು ಲೊಡಲೊಡ ಎನ್ನುತ್ತಿದ್ದ ದಿನಗಳಲ್ಲೂ ಅಂದಿದ್ದಳು. ಅವನು ದಿನಾ ನಂಬಿದ್ದ.

ರಾಣಿ ಅವನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು. ಮಂಡಿಯೂರಿ ಕೂತು, ಟ್ರಾನ್ಸಿಸ್ಟರಿನ ನಡುಗಾಲನ್ನು ಉಗುರಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿದಳು. ಅಲುಗಲಿಲ್ಲ. ಅದರ ಪಕ್ಕದ್ದನ್ನೂ ನೋಡಿದಳು. ಅದೂ ಅಲುಗಲಿಲ್ಲ. ಸೆನ್ಸರಿನ ಮೇಲೆ ಅಂಗೈ ಮುಚ್ಚಿ ಹಿಡಿದಳು.

“ಹತ್ತಿದೆ ಕಣೋ,” ಎಂದಳು. “ಚೆನ್ನಾಗಿ ಹತ್ತಿದೆ.”

ಇಷ್ಟೇ ನಡೆದದ್ದು. ಮೀಸೆ ನೋಡಿ, ಎರಡೂ ಕಡೆ ಭದ್ರವಾಗಿದೆ. ಆದರೆ ಒಂದು ತೊಂದರೆ. ಬೆನ್ನ ಹಿಂದಿರುವುದು ನನಗೂ ಕಾಣುವುದಿಲ್ಲ, ಕೈಯೂ ಎಟುಕುವುದಿಲ್ಲ, ಕತೆ ಶುರುವಾದಾಗಿನಿಂದ ಅಲ್ಲೊಂದು ಕಡೆ ತುರಿಸುತ್ತಿದೆ. ಇಷ್ಟು ಹೊತ್ತು ಪುಕ್ಕಟೆ ಕೇಳಿದಿರಲ್ಲ, ಎದ್ದು ಬನ್ನಿ ಈ ಕಡೆ. ಹ್ಞಾಂ, ಸ್ವಲ್ಪ ಮೇಲೆ. ಅಲ್ಲಲ್ಲ, ಎಡಕ್ಕೆ. ಸರಿಯಾಗಿ ಉಗುರು ತಾಗಿಸಿ, ಸುಮ್ಮನೆ ಮೇಲೆ ಮೇಲೆ ಬೇಡ!